ಬೂದಿ ಮೇಷ್ಟ್ರ ಥ್ಯಾಂಕ್ಸ್ ಪಟ್ಟಿ

ಎಲ್ರಿಗೂ ನಮಸ್ಕಾರ. ಶುಕ್ರವಾರ ಸಾಯಂಕಾಲ ಲ್ಯಾಬ್ ಬೀಗದ ಕೈ ಕೊಟ್ಟು ಬಂದೆ, 34 ವರ್ಷ ಆಯ್ತು. ಬೀಳ್ಕೊಡುಗೆ ದಿನ ಮೈಕ್ ಕೈಗೆ ಬಂದಾಗ ಗಂಟಲು ಕಟ್ಕೊಂಡು, ಚೀಟೀಲಿ ಬರ್ಕೊಂಡು ಹೋಗಿದ್ದ ಜನರಲ್ಲಿ ಅರ್ಧದಷ್ಟು ಜನಕ್ಕೂ ಥ್ಯಾಂಕ್ಸ್ ಹೇಳಕ್ಕಾಗ್ಲಿಲ್ಲ, ಎರಡು ದಿನದಿಂದ ಅದೇ ಕೊರೀತಾ ಇತ್ತು, ಅದಕ್ಕೇ ಈಗ ಕೂತು ಬರೀತಿದೀನಿ. ಹೆಸರು ಹಾಕಲ್ಲ, ಇವರಲ್ಲಿ ಸುಮಾರು ಜನಕ್ಕೆ ಅದು ಇಷ್ಟ ಆಗಲ್ಲ. ಯಾರ ವಿಷಯ ಅಂತ ಅವ್ರವ್ರಿಗೆ ಗೊತ್ತಾಗತ್ತೆ.

ಸ್ಟೇಜ್ ಮೇಲೆ ನನ್ನನ್ನ "ಸುಸ್ಥಿರ ಕಟ್ಟಡ ಸಾಮಗ್ರಿಗಳ ವಿಜ್ಞಾನಿ" ಅಂತ ಪರಿಚಯ ಮಾಡಿಸಿದ್ರು. ಹಿಂದಿನ ಸಾಲಲ್ಲಿ ಕೂತಿದ್ದ ನನ್ನ ಹಳೇ ಸ್ಟೂಡೆಂಟ್ಸ್ ಮುಸಿಮುಸಿ ನಕ್ಕಿದ್ದು ನನಗೆ ಕಾಣಿಸ್ತು. ನಾನು ಕೆಲ್ಸಕ್ಕೆ ಸೇರಿದಾಗ ಈ ಸುಸ್ಥಿರ ಅನ್ನೋ ಮಾತು ನಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರ ಬಾಯಲ್ಲೂ ಇರ್ಲಿಲ್ಲ. ನಾನು ಬರೀ ಬೂದಿ ಮೇಷ್ಟ್ರು. ಸಿಮೆಂಟಲ್ಲಿ ಅರ್ಧ ತೆಗೆದು, ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಉಳಿಯೋ ಹಾರುಬೂದಿ ಹಾಕ್ತೀನಿ ಅಂದ್ರೆ, ಕಲಬೆರಕೆ ಮಾಡೋದಕ್ಕೂ ರಿಸರ್ಚ್ ಬೇಕಾ ಅಂತ ಒಬ್ಬ ಹಿರಿಯರು ಮೀಟಿಂಗಲ್ಲೇ ಕೇಳಿದ್ರು.

ನಾನು ಯಾಕೆ ಇದರ ಹಿಂದೆ ಬಿದ್ದೆ ಅಂದ್ರೆ ಅದೊಂದು ಸಣ್ಣ ಲೆಕ್ಕ. ಸಿಮೆಂಟ್ ಆಗಬೇಕಾದ್ರೆ ಸುಣ್ಣದಕಲ್ಲನ್ನ ಗೂಡಲ್ಲಿ ಸುಡಬೇಕು, ಕ್ಲಿಂಕರ್, ಅಂದ್ರೆ ಅರೆದ್ರೆ ಸಿಮೆಂಟ್ ಆಗೋ ಗಟ್ಟಿ ಉಂಡೆ, ಆಗೋಕೆ ಸುಮಾರು 1450 ಡಿಗ್ರಿ ಬೇಕು. ಉರಿ ಹಾಕೋಕೆ ಸುಡೋ ಇಂಧನದ ಹೊಗೆ ಒಂದು ಕಡೆ ಇರಲಿ, ಆ ಕಲ್ಲೇ ಇಂಗಾಲದ ಡೈಆಕ್ಸೈಡ್ ಬಿಡತ್ತೆ, ಶುದ್ಧ ಸುಣ್ಣದಕಲ್ಲು 100 ಕೆಜಿ ಸುಟ್ರೆ 56 ಕೆಜಿ ಸುಣ್ಣ ಉಳಿದು 44 ಕೆಜಿ ಗಾಳಿಗೆ ಹೋಗತ್ತೆ. ಕಲ್ಲಿದ್ದಲು ಬಿಟ್ಟು ಬೇರೆ ಏನನ್ನಾದ್ರೂ ಸುಡಿ, ಈ 44 ಮಾತ್ರ ಹೋಗೇ ಹೋಗತ್ತೆ. ಪ್ರಪಂಚದಲ್ಲಿ ವರ್ಷಕ್ಕೆ 400 ಕೋಟಿ ಟನ್ ಆಸುಪಾಸು ಸಿಮೆಂಟ್ ತಯಾರಾಗತ್ತೆ. ಅಂದ್ಮೇಲೆ ಕ್ಲಿಂಕರ್ ಕಮ್ಮಿ ಹಾಕೋದು ಬಿಟ್ರೆ ನನ್ನಂಥೋನಿಗೆ ಬೇರೆ ದಾರಿ ಕಾಣಿಸ್ಲಿಲ್ಲ.

ಇಷ್ಟೇ ನನ್ನ ತಲೆಯಿಂದ ಬಂದಿದ್ದು. ಉಳಿದಿದ್ದಕ್ಕೆಲ್ಲಾ ಬೇರೆಯವರ ಕೈ ಇದೆ.

ಮೊದಲು ನಮ್ಮ ಲ್ಯಾಬ್ ಅಣ್ಣ. ನನಗಿಂತ ಎಂಟು ವರ್ಷ ದೊಡ್ಡೋರು, ನಾವೆಲ್ಲಾ ಅವ್ರನ್ನ ಅಣ್ಣ ಅಂತಾನೇ ಕರೀತಿದ್ವಿ, ಅವ್ರು ನನ್ನನ್ನ ಮೇಷ್ಟ್ರೇ ಅಂತಿದ್ರು. ಎಷ್ಟು ಗಟ್ಟಿ ಅಂತ ಒಡೆದು ನೋಡೋ ಕಾಂಕ್ರೀಟ್ ಕ್ಯೂಬ್ ಮಾಡೋಕೆ ಮೋಲ್ಡಿಗೆ ಎಣ್ಣೆ ಸವರೋದು, ಕಾಂಕ್ರೀಟ್ ಮೂರು ಪದರ ಹಾಕಿ ರಾಡಲ್ಲಿ ಕುಟ್ಟೋದು, ಮಾರನೇ ದಿನ ಬಿಚ್ಚಿ ನಂಬರ್ ಬರೆದು ನೀರಿನ ಟ್ಯಾಂಕಿಗೆ ಇಳಿಸೋದು, ಇದನ್ನ ಅವ್ರು ಎಷ್ಟು ಸಾವಿರ ಸಲ ಮಾಡಿದಾರೋ ದೇವರಿಗೇ ಗೊತ್ತು. ಶುರುನಲ್ಲಿ ಅರ್ಧ ಬೂದಿ ಹಾಕಿದ ನನ್ನ ಮೊದಲ ಬ್ಯಾಚ್ 28 ದಿನಕ್ಕೆ ಒಡೆದಾಗ 30 ಮೆಗಾಪ್ಯಾಸ್ಕಲ್ ಸ್ಟ್ರೆಂತ್ ಬರಬೇಕಾಗಿತ್ತು, 19 ಬಂತು. ಕೆನಡಾದ ಸರ್ಕಾರಿ ಸಂಶೋಧನಾ ಸಂಸ್ಥೆ ಕ್ಯಾನ್‌ಮೆಟ್‌ನಲ್ಲಿ ಮಲ್ಹೋತ್ರಾ ಅವ್ರು 1980ರ ದಶಕದಲ್ಲೇ ಜಾಸ್ತಿ ಬೂದಿ ಹಾಕಿ ಗಟ್ಟಿ ಕಾಂಕ್ರೀಟ್ ಮಾಡಿ ತೋರಿಸಿದ್ರು, ನನ್ನದು ಮಾತ್ರ ಹಿಂಗಾಯ್ತಲ್ಲ ಅಂತ ಸಿಟ್ಟು ಬಂದು, ಟ್ಯಾಂಕಲ್ಲಿ ಉಳಿದಿದ್ದನ್ನೆಲ್ಲಾ ಹೊರಗೆ ಬಿಸಾಕಿ ಅಂದೆ. ಅಣ್ಣ ಹೂಂ ಅಂದ್ರು.

ಬಿಸಾಕ್ಲಿಲ್ಲ. ಮುಂದಿನ ವರ್ಷ ಟ್ಯಾಂಕ್ ಕ್ಲೀನ್ ಮಾಡುವಾಗ ಪಾಚಿ ಹಿಡಿದಿದ್ದ ಮೂರು ಕ್ಯೂಬ್ ಎತ್ಕೊಂಡು ಬಂದು, ಮೇಷ್ಟ್ರೇ ಬಯ್ಬೇಡಿ, ಇವನ್ನೊಂದ್ಸಲ ಮಷೀನಿಗೆ ಇಟ್ಟು ನೋಡಣ ಅಂದ್ರು. ನಾನು ಕಾಟಾಚಾರಕ್ಕೆ ಹೂಂ ಅಂದು ನಿಂತೆ. ಮುಳ್ಳು 20 ದಾಟ್ತು, 30 ದಾಟ್ತು, ಅಣ್ಣ ನನ್ನ ಕಡೆ ನೋಡ್ತಾನೂ ಇಲ್ಲ, ಮೊದಲನೇದು ಟಪ್ ಅಂತ ಒಡೆದಿದ್ದು 41ಕ್ಕೆ. ಬೂದಿ ನಿಧಾನ, ಸಿಮೆಂಟಿಂದ ಹೊರಗೆ ಬರೋ ಸುಣ್ಣದ ಜೊತೆ ಸೇರಿ ಅದು ಗಟ್ಟಿ ಆಗೋಕೆ ತಿಂಗಳುಗಟ್ಟಲೆ ತಗೋಳತ್ತೆ, ಇದು ಪುಸ್ತಕದಲ್ಲಿ ಇತ್ತು, ನಾನೂ ಓದಿದ್ದೆ, ಕ್ಲಾಸಲ್ಲೂ ಹೇಳಿದ್ದೆ. ಆದ್ರೆ ಸ್ವಂತ ಕ್ಯೂಬ್ ಫೇಲ್ ಆದಾಗ ತಲೆಗೆ ಬರ್ಲಿಲ್ಲ ನೋಡಿ. ಆ ವಿಷಯದ ಮೇಲೆ ಬಂದ ಪೇಪರಲ್ಲಿ ಅಣ್ಣನ ಹೆಸರು ಕೊನೇಲಿ ಒಂದು ಸಾಲಲ್ಲಿ ಇದೆ, ಲೇಖಕರ ಪಟ್ಟೀಲಿ ಇಲ್ಲ. ಆಗ ಅದು ತಪ್ಪು ಅಂತ ಅನ್ನಿಸಿರ್ಲಿಲ್ಲ, ಈಗ ಅನ್ಸತ್ತೆ.

ಎರಡನೇದು ನನ್ನ ಹೆಂಡ್ತಿ. ಅವಳು ಸ್ಕೂಲಲ್ಲಿ ಗಣಿತ ಟೀಚರ್. ಒಂದು ಸಲ ದೊಡ್ಡ ಮೋಲ್ಡ್ ಖಾಲಿ ಇಲ್ಲ ಅಂತ 100 ಮಿಲಿಮೀಟರಿನ ಚಿಕ್ಕ ಮೋಲ್ಡಲ್ಲಿ ಹಾಕಿದ್ವಿ, ಸ್ಟ್ರೆಂತ್ ಪಾತಾಳಕ್ಕೆ ಹೋಗಿತ್ತು, ಎರಡು ವಾರ ಮಿಕ್ಸ್ ತಿರುವಿ ಮುರುವಿ ನೋಡಿದ್ದೇ ನೋಡಿದ್ದು. ರಾತ್ರಿ ನನ್ನ ನೋಟ್‌ಬುಕ್ ತಿರುವಿ ಹಾಕ್ತಾ, ಇದೇನ್ರೀ 450 ಕಿಲೋನ್ಯೂಟನ್ ಭಾರಾನ ದೊಡ್ಡ ಕ್ಯೂಬಿನ ಮುಖದ 22500 ಚದರ ಮಿಲಿಮೀಟರಿಂದ ಭಾಗಿಸಿದೀರ, ಕ್ಯೂಬ್ ಚಿಕ್ಕದು ಅಂತ ನೀವೇ ಬರ್ದಿದೀರಲ್ಲ, 10000ದಿಂದ ಅಲ್ವಾ ಭಾಗಿಸಬೇಕು ಅಂದ್ಲು. 20 ಅಂತಿದ್ದಿದ್ದು 45 ಆಯ್ತು. ಇದನ್ನ ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ, ಈಗ ಪೆನ್ಷನ್ ಸ್ಯಾಂಕ್ಷನ್ ಆಗಿದೆ, ಹೇಳಬಹುದು.

ನನ್ನ ಮೊದಲ ಪಿಎಚ್‌ಡಿ ಸ್ಟೂಡೆಂಟ್‌ಗೆ ಥ್ಯಾಂಕ್ಸ್ ಜೊತೆ ಒಂದು ಕ್ಷಮೆನೂ ಬಾಕಿ ಇದೆ. ಸಿಮೆಂಟೇ ಇಲ್ಲದ ಕಾಂಕ್ರೀಟ್ ಅವಳ ವಿಷಯ, ಕಬ್ಬಿಣದ ಕುಲುಮೇಲಿ ಉಳಿಯೋ ಕಿಟ್ಟ, ಅಂದ್ರೆ ಸ್ಲ್ಯಾಗಿಗೆ ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟ್ ಹಾಕಿ ಗಟ್ಟಿ ಮಾಡೋದು. ಹೊಸದೇನಲ್ಲ, 1950ರ ದಶಕದಲ್ಲೇ ಕೀವ್‌ನಲ್ಲಿ ಗ್ಲುಖೋವ್‌ಸ್ಕಿ ಮಾಡಿದ್ರು. ಕಾಸ್ಟಿಕ್ ಸೋಡಾ ನೀರಿಗೆ ಹಾಕಿದ್ರೆ ಪಾತ್ರೆ ಕೈಲಿ ಹಿಡಿಯಕ್ಕಾಗದಷ್ಟು ಬಿಸಿ ಆಗತ್ತೆ, ಹಿಂದಿನ ದಿನಾನೇ ಕಲಸಿಟ್ಟು ಆರಿಸಬೇಕು. ಅವತ್ತು ಯಾರೋ ಗೆಸ್ಟ್ ಲ್ಯಾಬ್ ನೋಡಕ್ಕೆ ಬರ್ತಿದ್ರು, ಇವತ್ತೇ ಹಾಕಿಬಿಡಮ್ಮಾ ಅಂತ ಅವಸರ ಮಾಡಿದ್ದು ನಾನು. ಸಾರ್ ಇನ್ನೂ ಬಿಸಿ ಇದೆ ಅಂದ್ಲು, ನಾನು ಕೇಳ್ಲಿಲ್ಲ. ಹದಿನೈದು ನಿಮಿಷದಲ್ಲಿ ಅಷ್ಟೂ ಮಾಲು ಮಿಕ್ಸರ್ ಒಳಗೇ ಕಲ್ಲಾಗಿ ಕೂತ್ಕೊಂಡ್ತು, ಬ್ಲೇಡ್ ಸಮೇತ. ಗೆಸ್ಟ್ ಬಂದು ನೋಡಿದ್ದು ನಾವು ಮೂರು ಜನ ಉಳಿ ಸುತ್ತಿಗೆ ಹಿಡ್ಕೊಂಡು ಡ್ರಮ್ ಒಳಗೆ ತಲೆ ಹಾಕಿ ಕುಟ್ತಾ ಇದ್ದಿದ್ದನ್ನ. ರಾತ್ರಿ ಒಂಬತ್ತಾಯ್ತು. ಅವಳು ಆ ಚೂರುಗಳನ್ನ ಒಂದು ಡಬ್ಬೀಲಿ ಇಟ್ಕೊಂಡು, ಇಷ್ಟು ಬೇಗ ಯಾಕೆ ಸೆಟ್ ಆಯ್ತು ಅಂತಾನೇ ಒಂದು ಅಧ್ಯಾಯ ಬರೆದ್ಲು, ಅವಳ ಥೀಸಿಸ್ಸಲ್ಲಿ ನನಗೆ ತುಂಬಾ ಇಷ್ಟವಾದ ಅಧ್ಯಾಯ ಅದೇ. ಸಾರಿ ಕಣಮ್ಮಾ, ಆವತ್ತು ಹೇಳ್ಬೇಕಾಗಿತ್ತು.

ಅದೇ ಮಾಲಲ್ಲಿ ಆಮೇಲೆ ನಡೆಯೋ ದಾರಿಗೆ ಹಾಸೋ ಬ್ಲಾಕ್ ಮಾಡಿದ್ವಿ. ಮಳೆ ಬಂದು ಒಣಗಿದ ಮೇಲೆ ಮೇಲೆಲ್ಲಾ ಬಿಳಿ ಬೂಷ್ಟಿನ ಥರ ಉಪ್ಪು ಎದ್ದು, ಸೋಡಿಯಂ ಹೊರಗೆ ಬಂದು ಗಾಳಿ ಜೊತೆ ಸೇರಿದ್ರೆ ಹಂಗಾಗತ್ತೆ, ಓಡಾಡೋರೆಲ್ಲ ಕಂಪ್ಲೇಂಟ್ ಕೊಟ್ರು. ಆ ದಾರಿ ಕಿತ್ತು ಮತ್ತೆ ಹಾಸಿಕೊಟ್ಟ ಮೇಸ್ತ್ರಿಗೆ ನಾನು ಸಾಲಗಾರ, ಕೆಲ್ಸಕ್ಕಿಂತ ಅವ್ರು ಹೇಳಿದ ಒಂದು ಮಾತಿಗೆ. ಸಾರ್, ನಿಮ್ಮ ಲ್ಯಾಬಲ್ಲಿ ಕ್ಯೂಬ್ ನೀರಲ್ಲಿ ಮುಳುಗಿ ಮಲಗಿರತ್ತೆ, ಸೈಟಲ್ಲಿ ಗೋಡೆಗೆ ದಿನಕ್ಕೆ ಎರಡು ಸಲ ನೀರು ಹೊಡೆದ್ರೆ ಅದೇ ಪುಣ್ಯ, ಏಳು ದಿನ ಆದ್ರೆ ಪೈಪ್ ಸುತ್ತಿಟ್ಟು ಹೋಗ್ತಾರೆ ಅಂದ್ರು. ಅವತ್ತಿಂದ ನಮ್ಮ ಪ್ರತಿ ಬ್ಯಾಚಲ್ಲೂ ಒಂದಷ್ಟು ಕ್ಯೂಬ್ ಏಳೇ ದಿನ ಕ್ಯೂರಿಂಗ್ ಮಾಡಿ ಹೊರಗೆ ಬಿಟ್ವಿ, ಮೇಸ್ತ್ರಿ ಕ್ಯೂಬ್ ಅಂತಾನೇ ಅವಕ್ಕೆ ಹೆಸರು.

ಒಬ್ಬ ರಿವ್ಯೂವರ್, ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ನನ್ನ ಪೇಪರ್ ವಾಪಸ್ ಕಳಿಸಿದ್ರು. ಸ್ಟ್ರೆಂತ್ ಬಿಟ್ಟು ಬೇರೇನೂ ಇಲ್ಲ, ಒಳಗಿನ ಕಂಬಿ ಹತ್ತು ವರ್ಷ ಆದ್ಮೇಲೆ ಹೆಂಗಿರತ್ತೆ ಅಂತ. ಒಂದು ವಾರ ಬೈಕೊಂಡು ಓಡಾಡಿದೆ. ಹತ್ತು ವರ್ಷದ ಸ್ಯಾಂಪಲ್ ಎಲ್ಲಿಂದ ತರೋದು? ಆಗ ಅಣ್ಣ ಲ್ಯಾಬ್ ಹಿಂದುಗಡೆ ಕರ್ಕೊಂಡು ಹೋದ್ರು. ಗಿಡಗಳ ಸುತ್ತ ಅಂಚಿಗೆ ಅಂತ ಅವ್ರು ಸಾಲಾಗಿ ಹೂಳಿದ್ದ ಕಲ್ಲುಗಳು ಕಲ್ಲಲ್ಲ, ಒಡೀದೇ ಉಳಿದಿದ್ದ ನಮ್ಮ ಕ್ಯೂಬ್‌ಗಳು, ಮೇಸ್ತ್ರಿ ಕ್ಯೂಬೂ ಇದ್ವು, ಕೆಲವಕ್ಕೆ ಹನ್ನೊಂದು ವರ್ಷ ಆಗಿತ್ತು, ಮಣ್ಣು ಒರೆಸಿದ್ರೆ ಅವ್ರು ಪೇಂಟಲ್ಲಿ ಬರ್ದಿದ್ದ ತಾರೀಖು ಹಂಗೇ ಇತ್ತು. ಮಳೆ ಬಿಸಿಲು ಎರಡೂ ತಿಂದಿದ್ವು.

ಸೀಳಿ ಫಿನಾಲ್ಫ್ತಲೀನ್ ಸ್ಪ್ರೇ ಮಾಡಿದ್ವಿ. ಕ್ಷಾರ ಇರೋ ಕಡೆ ಗಾಢ ಗುಲಾಬಿ ಆಗತ್ತೆ, ಅಲ್ಲಿ ಕಂಬಿ ಕ್ಷೇಮ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೊಕ್ಕು ಕ್ಷಾರ ಕಳೆದಿರೋ ಕಡೆ ಬಣ್ಣಾನೇ ಬರಲ್ಲ. ಚೆನ್ನಾಗಿ ನೀರು ಕುಡಿದಿದ್ದ ಕ್ಯೂಬಲ್ಲಿ ಬಣ್ಣ ಇಲ್ಲದ ಅಂಚು ತೆಳ್ಳಗಿತ್ತು, ಮೇಸ್ತ್ರಿ ಕ್ಯೂಬಲ್ಲಿ ಬೆರಳಗಲ ಒಳಗೆ ಹೋಗಿತ್ತು, ಅದೂ ಬೂದಿ ಜಾಸ್ತಿ ಇದ್ದಷ್ಟೂ ಜಾಸ್ತಿ. ಸುಣ್ಣನೆಲ್ಲಾ ಬೂದಿ ತಿಂದ್ಮೇಲೆ ತಡಿಯೋಕೆ ಕಮ್ಮಿ ಉಳಿದಿರತ್ತಲ್ಲ. ನನ್ನ ಬೂದಿಯ ಹುಳುಕು ನಾನೇ ಬರೀಬೇಕಾಗಿ ಬಂತು. ಬರೆದೆ. ಗ್ರೀನ್ ಅಂತ ಲೇಬಲ್ ಹಚ್ಚಿ ಕ್ಯೂರಿಂಗ್ ಮಾತೇ ಎತ್ತದ ಜಾಹೀರಾತು ನೋಡಿದಾಗ ಈಗಲೂ ಮೈ ಉರಿಯತ್ತೆ. ಆ ರಿವ್ಯೂವರ್ ಎಲ್ಲಿದ್ರೂ ಚೆನ್ನಾಗಿರ್ಲಿ.

ದುಡ್ಡು ನಿಂತು ಹೋಗಿದ್ದ ಎರಡು ವರ್ಷದ ಬಗ್ಗೆ ಬರಿಯಲ್ಲ, ಮುಗಿದ ಕಥೆ. ಆವಾಗ ರಾತ್ರಿ ಹೊತ್ತು ಎಕ್ಸ್‌ರೇ ಮಷೀನ್ ಪುಕ್ಕಟೆ ಬಿಟ್ಟುಕೊಟ್ಟ ಕೆಮಿಸ್ಟ್ರಿ ಗೆಳೆಯನಿಗೆ ಮಾತ್ರ ಒಂದು ದೊಡ್ಡ ನಮಸ್ಕಾರ.

ಕೊನೇಲಿ ನನ್ನ ಜಾಗಕ್ಕೆ ಬರ್ತಿರೋ ಹುಡುಗ. ಹುಡುಗ ಅಂದ್ರೆ ನಲವತ್ತಾಗಿದೆ. ಆರೇಳು ವರ್ಷದ ಹಿಂದೆ, ಸಾರ್ ಕಲ್ಲಿದ್ದಲು ಸ್ಥಾವರ ಒಂದೊಂದೇ ಮುಚ್ತಾ ಹೋದ್ರೆ ನಿಮ್ಮ ಬೂದಿ ಎಲ್ಲಿಂದ ಬರತ್ತೆ ಅಂತ ಎಲ್ರ ಎದುರಿಗೆ ಕೇಳಿದ. ಉತ್ತರ ಇರ್ಲಿಲ್ಲ, ಅದಕ್ಕೇ ರೇಗಿದೆ. ಆಮೇಲೆ ಅವ್ನೇ ನನಗೆ ಎಲ್‌ಸಿ3 ಅನ್ನೋ ಕ್ಲಿಂಕರ್ ಕಮ್ಮಿ ಇರೋ ಸಿಮೆಂಟಿನ ಬಗ್ಗೆ ಓದಿಸಿದ, ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವೆನರ್ ಮತ್ತೆ ಅವ್ರ ಜೊತೆಗಾರರು ಬೆಳೆಸಿದ್ದು, ನೂರು ಪಾಲಲ್ಲಿ ಅರ್ಧ ಕ್ಲಿಂಕರ್, 30 ಪಾಲು ಸುಟ್ಟ ಜೇಡಿಮಣ್ಣು, 15 ಪಾಲು ಸುಣ್ಣದಕಲ್ಲಿನ ಪುಡಿ, 5 ಜಿಪ್ಸಮ್. ಮಣ್ಣು ಸುಡೋಕೆ 700, 800 ಡಿಗ್ರಿ ಸಾಕು, ಈ ಸುಣ್ಣದಕಲ್ಲನ್ನಂತೂ ಸುಡೋದೇ ಇಲ್ಲ, ಬರೀ ಅರಿಯೋದು. ರಿಟೈರ್ ಆಗೋ ಹೊತ್ತಲ್ಲಿ ಮತ್ತೆ ಮಣ್ಣು ಮುಟ್ಟಿ ಕಲಿಯೋ ಹಂಗೆ ಮಾಡಿದ ಕಣಪ್ಪ ನೀನು.

ಟ್ಯಾಂಕಿನ ಎಡಗಡೆ ಮೂಲೇಲಿ ಹಳದಿ ಪೇಂಟಿನ ಆರು ಕ್ಯೂಬ್ ಇದಾವೆ, ಜೇಡಿಮಣ್ಣಿನದು, ಸ್ವಲ್ಪ ಕೆಂಪಗಿದಾವೆ. ನನ್ನ ಕೊನೇ ಬ್ಯಾಚ್. ಮೂರನ್ನ ಬರೋ ವರ್ಷ ಒಡೆದು ನಂಬರ್ ವಾಟ್ಸಾಪ್ ಮಾಡಪ್ಪಾ. ಇನ್ನು ಮೂರನ್ನ ಲ್ಯಾಬ್ ಹಿಂದೆ ಗಿಡದ ಅಂಚಿಗೆ ಹೂಳು, ಜಾಗ ಅಣ್ಣ ತೋರಿಸ್ತಾರೆ, ಸೋಮವಾರ ಬರ್ತೀನಿ ಅಂದಿದಾರೆ. ತಾರೀಖು ಮಾತ್ರ ಅವ್ರ ಕೈಲೇ ಬರೆಸು.