ಅಪ್ಪನಿಗೂ ಓದಿ ಹೇಳು

ಬರ್ಲಿನ್

ಪ್ರೀತಿಯ ಸುಹಾಸ,

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಚಳಿ ಜೋರಾಗಿದೆ, ಅಷ್ಟೇ. ನೀನು ರೂಮಿನ ಬಾಗಿಲು ಹಾಕಿಕೊಂಡು ರಾಮ್‌ಸ್ಟೈನ್ ಬ್ಯಾಂಡಿನ ಹಾಡು ಕೇಳುತ್ತೀಯಂತೆ. ಅವರು ನಾಜಿಗಳಂತೆ, ಹೌದಾ ಅಂತ ಅಪ್ಪ ಕೇಳಿದರು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ. ಅವರಿಗೂ ಓದಿ ಹೇಳು.

ಆರೂ ಜನ ಹಳೇ ಪೂರ್ವ ಜರ್ಮನಿಯವರು. ಬರ್ಲಿನ್ ಗೋಡೆ ಬಿದ್ದ ಮೇಲೆ, 1994ರಲ್ಲಿ, ಇದೇ ಊರಿನಲ್ಲಿ ಬ್ಯಾಂಡ್ ಕಟ್ಟಿದರು. ಇವತ್ತಿಗೂ ಅದೇ ಆರು ಜನ. ಹಾಡುವ ಟಿಲ್ ಲಿಂಡೆಮನ್ ಹುಡುಗನಾಗಿದ್ದಾಗ ಈಜುಗಾರ, ಆಮೇಲೆ ಬುಟ್ಟಿ ಹೆಣೆಯುತ್ತಿದ್ದ. 1988ರಲ್ಲಿ ರಾಮ್‌ಸ್ಟೈನ್ ಎಂಬ ಊರಿನ ಅಮೆರಿಕನ್ ವಾಯುನೆಲೆಯ ಏರ್ ಶೋದಲ್ಲಿ ವಿಮಾನಗಳು ಡಿಕ್ಕಿಯಾಗಿ 70 ಜನ ಸತ್ತರು. ಬ್ಯಾಂಡಿಗೆ ಆ ಹೆಸರೇ ಇಟ್ಟರು. ಕೆಣಕುವ ಚಾಳಿ ಅಲ್ಲಿಂದಲೇ ಶುರು.

ನಾಜಿ ಅನ್ನೋ ಮಾತು ಅಂಟಿಕೊಂಡಿದ್ದು 1998ರಲ್ಲಿ. ‘ಸ್ಟ್ರಿಪ್ಡ್’ ಹಾಡಿನ ವಿಡಿಯೊದಲ್ಲಿ 1936ರ ಬರ್ಲಿನ್ ಒಲಿಂಪಿಕ್ಸ್ ಚಿತ್ರದ ತುಣುಕುಗಳನ್ನು ಬಳಸಿದರು. ಆ ಚಿತ್ರ ಮಾಡಿದ ಲೆನಿ ರಿಫೆನ್‌ಸ್ಟಾಲ್ ಹಿಟ್ಲರನಿಗೆ ಬೇಕಾದ ನಿರ್ದೇಶಕಿ. ದೃಶ್ಯಗಳು ಚೆನ್ನಾಗಿದ್ದವು, ಅದಕ್ಕೆ ಬಳಸಿದೆವು ಅನ್ನೋ ಧಾಟಿಯ ಸಮಜಾಯಿಷಿ ಕೊಟ್ಟರು. ನನಗೆ ಅದು ಒಪ್ಪಿಗೆಯಿಲ್ಲ. ಜರ್ಮನಿಯಲ್ಲೇ ಹುಟ್ಟಿ ಬೆಳೆದವರಿಗೆ ಇಷ್ಟು ಗೊತ್ತಿರಬೇಡವಾ? 2001ರಲ್ಲಿ ‘ಲಿಂಕ್ಸ್ 2 3 4’ ಹಾಡು ಬಂತು. ನನ್ನ ಹೃದಯ ಬಡಿಯೋದು ಎಡಕ್ಕೆ, ಅಂದರೆ ನಾವು ಎಡಪಂಥದ ಕಡೆಯವರು, ನಾಜಿಗಳಲ್ಲ ಅಂತ ಅದರ ತಾತ್ಪರ್ಯ. ಆದರೆ ಅದನ್ನೂ ಸೈನಿಕರ ಮಾರ್ಚಿನ ತಾಳಕ್ಕೇ ಹಾಡಿದರು! ಅನುಮಾನ ಪೂರ್ತಿ ಕಳೆಯಬಾರದು, ಅದೇ ಅವರ ಆಟ. ಸರಿಯಾದ ಉತ್ತರ ಸಿಕ್ಕಿದ್ದು 2019ರ ‘ಡಾಯ್ಚ್‌ಲಾಂಡ್’ (ಅಂದರೆ ಜರ್ಮನಿ) ಹಾಡಿನ ವಿಡಿಯೊದಲ್ಲಿ ಅಂತ ನನಗನ್ನಿಸುತ್ತದೆ. ಜರ್ಮನಿಯನ್ನೇ ಒಬ್ಬ ಕಪ್ಪು ನಟಿಯಾಗಿ ತೋರಿಸಿ, ಈ ದೇಶವನ್ನು ಪ್ರೀತಿಸಲಾರೆ ಅಂತಾರೆ.

2022ರಲ್ಲಿ ನಾನು ಅವರ ಶೋ ನೋಡಿದ್ದು ಆ 1936ರ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲೇ. ‘ಮೈನ್ ಟೈಲ್’ ಹಾಡಿಗೆ ಟಿಲ್ ಬಾಣಸಿಗನ ವೇಷದಲ್ಲಿ ಬಂದ. ಕೀಬೋರ್ಡ್ ನುಡಿಸುವ ಬಡಕಲು ಫ್ಲಾಕೆ ದೊಡ್ಡ ಹಂಡೆಯೊಳಗೆ. ಟಿಲ್ ಬೆಂಕಿ ಉಗುಳುವ ಗನ್ ಹಿಡಿದು ಹಂಡೆ ಕಾಯಿಸಿದ. ಸಾಲದು ಅಂತ ಅದಕ್ಕಿಂತ ದೊಡ್ಡದನ್ನು ತಂದ. ದೂರದಲ್ಲಿ ಕೂತಿದ್ದ ನಮ್ಮ ಮುಖಕ್ಕೂ ಬಿಸಿ ಬಡಿಯಿತು. ಕೊನೆಗೆ ಫ್ಲಾಕೆ ಎದ್ದು ಓಟ ಕಿತ್ತ. ಬಿದ್ದೂ ಬಿದ್ದೂ ನಕ್ಕೆವು. ಹಾಡು ಮಾತ್ರ ಜರ್ಮನಿಯಲ್ಲಿ ನಿಜವಾಗಿ ನಡೆದ ನರಭಕ್ಷಣೆಯ ಪ್ರಕರಣದ ಮೇಲಿನದು.

2009ರಲ್ಲಿ ಸರ್ಕಾರಿ ಇಲಾಖೆಯೊಂದು ಅವರ ಆಲ್ಬಮ್ಮನ್ನು ಮಕ್ಕಳಿಗೆ ಮಾರಬಾರದು ಅಂದಿತ್ತು, ಮರುವರ್ಷ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2023ರ ವಿಷಯ ಬೇರೆ. ಶೋಗಳಿಗೆ ಬಂದ ಹುಡುಗಿಯರ ಜೊತೆ ಟಿಲ್ ನಡೆದುಕೊಂಡ ರೀತಿಯ ಬಗ್ಗೆ ಕೆಲವು ಹೆಂಗಸರು ಆರೋಪ ಮಾಡಿದರು. ಅವನು ವಕೀಲರ ಮೂಲಕ ಅಲ್ಲಗಳೆದ. ಸಾಕ್ಷ್ಯ ಸಾಲದು ಅಂತ ಬರ್ಲಿನ್ ಪ್ರಾಸಿಕ್ಯೂಟರ್‌ಗಳು ಆಗಸ್ಟ್‌ನಲ್ಲಿ ತನಿಖೆ ಕೈಬಿಟ್ಟರು. ಕಾನೂನಿನ ಲೆಕ್ಕ ಅಷ್ಟೇ. ನನಗೆ ಮಾತ್ರ ಆಮೇಲೆ ಟಿಕೆಟ್ ಕೊಳ್ಳೋ ಮನಸ್ಸಾಗಿಲ್ಲ.

ನೀನು ಕೇಳಬೇಡ ಅನ್ನಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳು. ‘ಮೈನ್ ಟೈಲ್’ ಕಥೆ ಮಾತ್ರ ಅಮ್ಮನಿಗೆ ಹೇಳಬೇಡ, ಊಟ ಬಿಟ್ಟಾಳು.

ನಿನ್ನ
ಅಕ್ಕ