ತಾಳ ತಪ್ಪಿದ ಎದೆಗೆ ಒಂದು ವರ್ಷ

ಹೋದ ವರ್ಷ ಇದೇ ಅವರೆಕಾಯಿ ಕಾಲ. ನೆನೆಸಿದ ಕಾಳು ಬೋಗುಣಿಯಲ್ಲಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ, ಕೈಯಲ್ಲಿದ್ದ ವಾಚ್ ಗುರ್ ಅಂದಿತು. ಮಗ ಹೊಸದು ತಗೊಂಡಾಗ ನನಗೆ ದಾಟಿಸಿದ ಹಳೇ ಆಪಲ್ ವಾಚ್ ಅದು. ಕುಕ್ಕರಹಳ್ಳಿ ಕೆರೆ ಸುತ್ತುವಾಗ ಹೆಜ್ಜೆ ಎಣಿಸೋಕೆ ಕಟ್ಟಿಕೊಳ್ಳುತ್ತಿದ್ದೆ, ಅಷ್ಟೇ. ಒದ್ದೆ ಕೈ ಸೆರಗಿಗೆ ಒರೆಸಿ ನೋಡಿದರೆ, ಎದೆಬಡಿತ ಏರುಪೇರಾಗಿದೆ ಅಂತ ಬಂದಿತ್ತು. ನನಗೋ ಏನೂ ಅನಿಸುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಸ್ವಲ್ಪ ಸುಸ್ತು, ಅದೂ 66 ಆಯ್ತಲ್ವಾ. ನೀರು ತಾಗಿ ಕೆಟ್ಟಿರಬೇಕು ಅಂತ ಬಿಚ್ಚಿಟ್ಟು ಕಾಳು ಮುಗಿಸಿದೆ.

ಮೊದಲ ಥ್ಯಾಂಕ್ಸ್ ಮಗನಿಗೆ. ಫೋನಲ್ಲಿ ಬೈದು, ವಾಚಿನ ಪಕ್ಕದ ತಿರುಗಿಸೋ ಗುಂಡಿ ಮೇಲೆ ಬೆರಳಿಟ್ಟು 30 ಸೆಕೆಂಡ್ ಕೂರಿಸಿ, ವಾಚ್ ತೆಗೆದ ಇಸಿಜಿಯನ್ನ ವಾಟ್ಸಾಪಲ್ಲಿ ತರಿಸಿಕೊಂಡ. ಏಟ್ರಿಯಲ್ ಫಿಬ್ರಿಲೇಶನ್, ಅಂದ್ರೆ ಎದೆಬಡಿತ ತಾಳ ತಪ್ಪೋ ಕಾಯಿಲೆ, ಅನ್ನೋ ಹೆಸರು ಅವತ್ತೇ ಮೊದಲು ಕೇಳಿದ್ದು. ಮಾರನೇ ದಿನ ಒಂದು ದೊಡ್ಡ ಆಸ್ಪತ್ರೆಗೆ ಹೋದರೆ ಅಲ್ಲಿನ ಇಸಿಜಿ ನಾರ್ಮಲ್! "ವಾಚ್ ನೋಡ್ಕೊಂಡು ಗಾಬರಿ ಆಗ್ಬೇಡಿ ಅಜ್ಜಿ" ಅಂದು ಕಳಿಸಿದರು. ಅಜ್ಜಿ ಅಂದಿದ್ದಕ್ಕೇ ಜಾಸ್ತಿ ಬೇಜಾರಾಯ್ತು.

ನಮ್ಮ ಬೀದಿ ಡಾಕ್ಟರು ನಗಲಿಲ್ಲ. ನನ್ನ ಹತ್ತಿರವೇ ಲೆಕ್ಕ ಕಲಿತ ಹುಡುಗ ಆತ. ಮೂರು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಾಡಿ ಹಿಡಿದ. "ಈಗ ಸರಿ ಇದೆ ಮಿಸ್, ಆದ್ರೆ ಇದು ಬಂದು ಹೋಗೋ ಕಾಯಿಲೆ, ಬಂದಾಗ್ಲೇ ಹಿಡೀಬೇಕು" ಅಂತ ಥೈರಾಯ್ಡ್ ಪರೀಕ್ಷೆಗೂ 24 ಗಂಟೆ ಎದೆಬಡಿತ ಬರೆದಿಡೋ ಹೋಲ್ಟರ್ ಯಂತ್ರಕ್ಕೂ ಚೀಟಿ ಬರೆದುಕೊಟ್ಟ. ಹೋಲ್ಟರ್ ಹಾಕಿದ ಹುಡುಗಿ ಎದೆಗೆ ಸ್ಟಿಕ್ಕರ್ ಅಂಟಿಸಿ, ಡಬ್ಬಿಯನ್ನ ಸೊಂಟಕ್ಕೆ ಸಿಕ್ಕಿಸಿ, ವೈರು ಸೆರಗಿನಡಿ ಕಾಣದ ಹಾಗೆ ಎಷ್ಟು ತಾಳ್ಮೆಯಿಂದ ಮುಚ್ಚಿದಳೋ. ಏನಾದರೂ ಅನಿಸಿದರೆ ಟೈಮ್ ಬರೆದಿಡಿ ಅಂತ ಒಂದು ಹಾಳೆ ಕೊಟ್ಟಳು. ಖಾಲಿ ಹಾಳೆ ವಾಪಸ್ ಕೊಟ್ಟೆ. ರಾತ್ರಿ ಮೂರು ಗಂಟೆಗೆ, ನಾನು ಗೊರಕೆ ಹೊಡೆಯುವಾಗ, ಎದೆ 40 ನಿಮಿಷ ತಾಳ ತಪ್ಪಿ ಓಡಿತ್ತಂತೆ.

ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ನೆ ಅದುರುತ್ತದೆ, ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಸ್ಟ್ರೋಕ್. ಈ ಕಾಯಿಲೆ ಇದ್ದರೆ ಅದರ ಅಪಾಯ ಸುಮಾರು ಐದು ಪಟ್ಟು. ನನಗೆ ಬಿ.ಪಿ.ಯೂ ಇದೆ, ವಯಸ್ಸೂ ಆಗಿದೆ, ಹಾಗಾಗಿ ಹೃದ್ರೋಗದ ಡಾಕ್ಟರು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಬ್ಲಡ್ ಥಿನ್ನರ್ ಮಾತ್ರೆ ಶುರು ಮಾಡಿದರು. ಒಂದು ವರ್ಷ ಒಂದು ಮಾತ್ರೆಯೂ ತಪ್ಪಿಲ್ಲ. ಅದರ ಶ್ರೇಯ ಯಜಮಾನರಿಗೆ. ನೀರಿನ ಲೋಟ ಹಿಡಿದು ಎದುರಿಗೇ ನಿಲ್ಲುತ್ತಾರೆ, ನುಂಗೋ ತನಕ ಹೋಗಲ್ಲ.

ಹಳೇ ಲೆಕ್ಕದ ಚಟ, ಆಮೇಲೆ ಕೂತು ಓದಿದೆ. ವಾಚಿನ ಹಿಂದಿನ ಹಸಿರು ಬೆಳಕು ಚರ್ಮದಡಿ ರಕ್ತ ಹರಿಯೋದನ್ನ ನಾವು ಅಲುಗಾಡದೆ ಇದ್ದಾಗ ನೋಡುತ್ತದೆ, ಒಂದು ಸಲ ತಪ್ಪಿದರೆ ಕೂಗಲ್ಲ, ಮತ್ತೆ ಮತ್ತೆ ನೋಡಿಯೇ ಹೇಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಪಲ್ ವಾಚ್ ಬಗ್ಗೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,19,297 ಜನ ಇದ್ದರು, ಎಚ್ಚರಿಕೆ ಬಂದಿದ್ದು 2,161 ಮಂದಿಗೆ, ಹೆಚ್ಚುಕಮ್ಮಿ 200ಕ್ಕೆ ಒಬ್ಬರು. ಅವರಲ್ಲಿ ಇಸಿಜಿ ಪಟ್ಟಿ ಅಂಟಿಸಿಕೊಂಡು ವಾಪಸ್ ಕಳಿಸಿದ 450 ಜನರಲ್ಲಿ ಕಾಯಿಲೆ ಕಂಡಿದ್ದು 34% ಮಂದಿಗೆ. ಉಳಿದವರದ್ದೆಲ್ಲ ಸುಳ್ಳು ಅನ್ನೋ ಹಾಗೂ ಇಲ್ಲ, ನನ್ನ ಮೊದಲ ಇಸಿಜಿಯೂ ನಾರ್ಮಲ್ಲೇ ಇತ್ತಲ್ವಾ!

ಯಾವ ವಾಚ್ ತಗೊಳ್ಳೋದು ಅಂತ ಕೇಳುವ ನೆಂಟರಿಗೆ: ಗೊತ್ತಿಲ್ಲ, ನಂದು ಪುಕ್ಕಟೆ. ಇದು ಹಾರ್ಟ್ ಅಟ್ಯಾಕ್ ಹಿಡಿಯಲ್ಲ, ಎದೆನೋವು ಬಂದರೆ ವಾಚ್ ನೋಡುತ್ತಾ ಕೂರಬೇಡಿ.

ನಿನ್ನೆ ಮತ್ತೆ ಅವರೆ ಹಿತುಕಿದೆ. ಆ ಹೋಲ್ಟರ್ ಹುಡುಗಿಗೆ ಒಂದು ಡಬ್ಬಿ ಹಿತಕಿದ ಬೇಳೆ ಸಾರು ತಗೊಂಡು ಹೋದೆ. ಅಲ್ಲೇ ಮುಚ್ಚಳ ತೆಗೆದು ನೆಕ್ಕಿ ನೋಡಿ, "ಸೂಪರ್ ಆಂಟಿ, ಉಪ್ಪು ಮಾತ್ರ ಕಮ್ಮಿ" ಅಂದಳು. ಬಿ.ಪಿ. ಮನೆ ಸಾರು ಕಣಮ್ಮ, ಏನ್ ಮಾಡೋದು.