ವಿಷಯ: ರಿಪೇರಿ ಮಾಡಿ ಅಂದಿದ್ದು ಫೈಬರ್‌ನ, ಕೊಟ್ಟಿದ್ದು ಗಾಳಿ ಡಬ್ಬಿ

ಕಸ್ಟಮರ್ ಕೇರ್ ಮುಖ್ಯಸ್ಥರಿಗೆ, ಅವರ ಮೇಲಿನವರಿಗೆ, ಅವರಿಗೂ ಮೇಲೆ ಯಾರಾದ್ರೂ ಇದ್ರೆ ಅವರಿಗೂ,

ನಮಸ್ಕಾರ. ಇದು ನನ್ನ ಒಂಬತ್ತನೇ ದೂರು. ಮೊದಲಿನ ಎಂಟೂ ಫೋನಲ್ಲಿ ಹೇಳಿದ್ದು, ಎಂಟಕ್ಕೂ "ನಿಮ್ಮ ದೂರು ಪರಿಹಾರವಾಗಿದೆ, ದಯವಿಟ್ಟು ರೇಟಿಂಗ್ ಕೊಡಿ" ಅಂತ ಮೆಸೇಜ್ ಬಂದಿದೆ, ಅದರಲ್ಲಿ ಮೂರು ಮೆಸೇಜಂತೂ ನಾನಿನ್ನೂ ನಿಮ್ಮವರ ಜೊತೆ ಲೈನಲ್ಲಿ ಮಾತಾಡ್ತಾ ಇರೋವಾಗ್ಲೇ ಬಂದಿದ್ದು. ಅದಕ್ಕೆ ಈ ಸಲ ಬರೆದು ಕಳಿಸ್ತಿದೀನಿ. ಕೋಪ ಮಾಡ್ಕೊಳ್ದೆ ಬರಿ ಅಂತ ಮನೇಲಿ ಹೇಳಿದಾರೆ, ಪ್ರಯತ್ನ ಪಡ್ತೀನಿ.

23 ದಿನದ ಹಿಂದೆ ಬೆಳಗ್ಗೆ ನಮ್ಮ ರಸ್ತೆ ಅಗೆದ್ರು, ಅಗೆದ ಅರ್ಧ ಗಂಟೆಗೆ ನಮ್ಮನೆ ಫೈಬರ್ ಮೋಡೆಮ್‌ನಲ್ಲಿ ಕೆಂಪು ಲೈಟ್ ಬ್ಲಿಂಕ್ ಆಗೋಕೆ ಶುರುವಾಯ್ತು. ಕೆಂಪು ಲೈಟ್ ಅಂದ್ರೆ ಬೆಳಕು ಬರ್ತಿಲ್ಲ, ಕೇಬಲ್ ಎಲ್ಲೋ ತುಂಡಾಗಿದೆ ಅಂತ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಲ್ಲಿ ತುಂಡಾಗಿದೆ ಅಂತಾನೂ ನೀವು ಇದ್ದಲ್ಲೇ ಕೂತು ಹೇಳಬಹುದು, ಕೇಬಲ್ ಒಳಗೆ ಬೆಳಕಿನ ಪಲ್ಸ್ ಬಿಟ್ಟು ಅದು ವಾಪಸ್ ಬರೋಕೆ ಎಷ್ಟು ಹೊತ್ತು ತಗೊಂಡ್ತು ಅಂತ ಅಳೆಯೋ ಮಶೀನೇ ಇದೆ, ಮೀಟರ್ ಲೆಕ್ಕದಲ್ಲಿ ತೋರಿಸುತ್ತೆ. ಆಮೇಲೆ ಇಬ್ಬರು ಬಂದು ಎರಡು ತುದಿ ಸಿಪ್ಪೆ ಸುಲಿದು ಸ್ಪ್ಲೈಸಿಂಗ್ ಮಶೀನಲ್ಲಿಟ್ಟು ಬೆಸೆದ್ರೆ ಮುಗೀತು. ಕನೆಕ್ಷನ್ ಹಾಕೋವಾಗ ನಿಮ್ಮ ಹುಡುಗರು ನನ್ನ ಕಣ್ಣೆದುರೇ ಮಾಡಿದ್ರು, ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಬೆಸೆಯೋಕೆ ಒಂದು ನಿಮಿಷನೂ ಹಿಡೀಲಿಲ್ಲ, ನಾನು ಬಾಯಿ ಬಿಟ್ಕೊಂಡು ನೋಡಿದ್ದೆ. ಆ ಒಂದು ನಿಮಿಷದ ಕೆಲಸ ಇವತ್ತಿಗೂ ಆಗಿಲ್ಲ.

ಆಗಿದ್ದೇನು ಅಂದ್ರೆ, ನಾಲ್ಕನೇ ದಿನ ನಿಮ್ಮ ಕಡೆಯಿಂದ ಕಾಲ್ ಬಂತು, ಸರ್ ಟೆಕ್ನಿಷಿಯನ್ ಕಳಿಸ್ತೀವಿ, ವಿಸಿಟ್ ಕನ್ಫರ್ಮ್ ಮಾಡೋಕೆ ಒಂದು ಒಟಿಪಿ ಬರುತ್ತೆ ಹೇಳಿ ಅಂದ್ರು. ಹೇಳಿದೆ. ತಪ್ಪು ನಂದೇ. ಒಟಿಪಿ ಯಾರಿಗೂ ಹೇಳಬೇಡಿ, ನಮ್ಮ ಸಿಬ್ಬಂದಿ ಯಾವತ್ತೂ ಕೇಳೋದಿಲ್ಲ ಅಂತ ಅದೇ ಮೆಸೇಜಿನ ಕೊನೇಲಿ ನೀವೇ ಬರೆದಿರ್ತೀರಿ, ನಾನು ಅದನ್ನ ಓದೋಷ್ಟರಲ್ಲಿ ನಿಮ್ಮ ಸಿಬ್ಬಂದಿ ಕೇಳಿ ಆಗಿತ್ತು. ಮರುದಿನ ಟೆಕ್ನಿಷಿಯನ್ ಬರಲಿಲ್ಲ, ಕೊರಿಯರ್‌ನವನು ಬಂದ. ಕೈಗೆ ಒಂದು ಬಿಳಿ ಡಬ್ಬಿ ಕೊಟ್ಟ, ಮೊಬೈಲ್ ಟವರಿಂದ ಸಿಗ್ನಲ್ ಹಿಡಿದು ಮನೆಗೆ ನೆಟ್ ಕೊಡೋ ಥರದ್ದು. ಜೊತೆಗೇ ಮೆಸೇಜ್: ಅಭಿನಂದನೆಗಳು, ನೀವು ನಮ್ಮ ವೈರ್‌ಲೆಸ್ ಹೋಮ್ ಪ್ಲಾನ್‌ಗೆ ಅಪ್‌ಗ್ರೇಡ್ ಆಗಿದ್ದೀರಿ. ಒಪ್ಪಂದದ ಅವಧಿ ಇವತ್ತಿಂದ 12 ತಿಂಗಳು.

ನಾನು ಯಾವಾಗ ಅಪ್‌ಗ್ರೇಡ್ ಆದೆ? ನನಗೆ ಗೊತ್ತಿಲ್ದಂಗೆ ನನ್ನನ್ನ ಅಪ್‌ಗ್ರೇಡ್ ಮಾಡೋ ಅಧಿಕಾರ ನಿಮ್ಮ ಸೇವಾ ನಿಯಮದಲ್ಲಿ ಎಲ್ಲಿದೆ? ಕನೆಕ್ಷನ್ ಬಗೆ ಬದಲಾಯಿಸೋ ಮುಂಚೆ ಗ್ರಾಹಕನ ಸ್ಪಷ್ಟ ಒಪ್ಪಿಗೆ ತಗೋಬೇಕು ಅಂತ ಬರೆದಿರೋದು ನೀವೇ, ನಾನು ಬಿಡಿಸಿ ಹೇಳೋ ಅಗತ್ಯ ಇಲ್ಲ ಅಂದ್ಕೋತೀನಿ. ಟೆಕ್ನಿಷಿಯನ್ ಬರ್ತಾನೆ ಅಂತ ಕೊಟ್ಟ ಒಟಿಪಿ ಸ್ಪಷ್ಟ ಒಪ್ಪಿಗೆ ಆಗೋದಾದ್ರೆ ನಾಳೆ ಅದೇ ಒಟಿಪಿಯಲ್ಲಿ ನನ್ನ ಮನೆನೂ ಬರೆಸ್ಕೊಂಡುಬಿಡಿ.

ಒಂದು ಮಾತು ಹೇಳಿಬಿಡ್ತೀನಿ, ನಾನೇನು ವೈರ್‌ಲೆಸ್ ವಿರೋಧಿ ಅಲ್ಲ. ಡಯಲ್ ಅಪ್ ಕಾಲದಿಂದ ನೆಟ್ ಬಳಸ್ತಿರೋನು. ಟೆಲಿಫೋನ್ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡಲ್ಲಿ ಎಕ್ಸ್‌ಚೇಂಜಿಂದ ದೂರ ಇದ್ದೋರಿಗೆ ಸ್ಪೀಡೇ ಸಿಗ್ತಿರಲಿಲ್ಲ, ಆ ತಂತಿಯ ಎಡಿಎಸ್ಎಲ್ 2 ಪ್ಲಸ್ ಅನ್ನೋ ತಂತ್ರಜ್ಞಾನದಲ್ಲಿ 24 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅನ್ನೋದು ಎಕ್ಸ್‌ಚೇಂಜ್ ಪಕ್ಕದ ಮನೆಯೋರಿಗೆ ಮಾತ್ರ. ವೈಮ್ಯಾಕ್ಸ್ ಅನ್ನೋ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಬರುತ್ತೆ, ಇನ್ಮೇಲೆ ತಂತಿನೇ ಬೇಡ ಅಂತ ಆಗ್ಲೂ ಹೇಳಿದ್ರು, ಅದು ಮನೆಮನೆ ಮುಟ್ಟೋಷ್ಟರಲ್ಲಿ 2009ರ ಡಿಸೆಂಬರಲ್ಲಿ ಸ್ಟಾಕ್‌ಹೋಮ್, ಓಸ್ಲೋದಲ್ಲಿ 4ಜಿ ಶುರುವಾಗಿ ಅದನ್ನೇ ಪಕ್ಕಕ್ಕೆ ತಳ್ಳಿತು. 2019ರಿಂದ 5ಜಿ ಬಂತು. ಈಗ ಕೇಬಲ್ ಎಳೆಯೋಕಾಗದ ಗುಡ್ಡದ ಮೇಲೆ, ಕಾಡಂಚಲ್ಲಿ, ಬಾಡಿಗೆ ಮನೇಲಿ ಆರಾರು ತಿಂಗಳಿಗೆ ಜಾಗ ಬದಲಾಯಿಸೋರಿಗೆ ಇದು ನಿಜವಾಗ್ಲೂ ವರ, ಡಬ್ಬಿ ಪ್ಲಗ್ಗಿಗೆ ಹಾಕಿದ್ರೆ ನೆಟ್ ಬರುತ್ತೆ. ತಂತಿ ಕಂಪನಿಗಳಿಗೆ ಇಂಥ ಒಬ್ಬ ಎದುರಾಳಿ ಬೇಕಿತ್ತು, ನಂಗೂ ಸಂತೋಷನೇ. ಆದ್ರೆ ಎದುರಾಳಿ ಅಂದ್ರೆ ನನ್ನನ್ನ ಕೇಳಿ, ನಾನು ಆರಿಸ್ಕೊಂಡು ಹೋಗ್ಬೇಕು. ಇಲ್ಲಿ ತಂತಿನೂ ನಿಮ್ದೇ, ಗಾಳಿನೂ ನಿಮ್ದೇ, ಗುಂಡಿ ತೋಡಿ ಕೇಬಲ್ ಬೆಸೆಯೋ ಖರ್ಚಿಗಿಂತ ಡಬ್ಬಿ ಕೊರಿಯರ್ ಮಾಡೋದು ಅಗ್ಗ ಅಂತ ನನ್ನನ್ನ ಎತ್ತಿ ಆ ಕಡೆ ಹಾಕಿದ್ದೀರಿ ಅಷ್ಟೇ.

ಡಬ್ಬಿ ಹೇಗಿದೆ ಅಂತ ಕೇಳಿ. ಬೆಳಗ್ಗೆ ಆರಕ್ಕೆ 180 ಎಂಬಿಪಿಎಸ್ ಬರುತ್ತೆ, ಹಾಲಿಡೇ ಥರ ಇರುತ್ತೆ. ಸಂಜೆ ಏಳಾದ್ರೆ 9. ಅಪ್‌ಲೋಡ್ ಎರಡೋ ಎರಡೂವರೆನೋ. ನಿಮ್ಮ ಜಾಹೀರಾತಲ್ಲಿ "300 ಎಂಬಿಪಿಎಸ್ ವರೆಗೆ" ಅಂತಿದೆ, ಸರಿ, ಸೊನ್ನೆನೂ 300ರ ವರೆಗೇ ಬರುತ್ತೆ. ಫೈಬರಲ್ಲೂ ಹಂಚಿಕೆ ಇದೆ ಅಂತ ನಿಮ್ಮವರು ಪಾಠ ಮಾಡಿದ್ರು, ಗೊತ್ತು ಸ್ವಾಮಿ, ಜಿಪಾನ್ ಅನ್ನೋ ಮನೆ ಫೈಬರ್ ವ್ಯವಸ್ಥೆಯಲ್ಲಿ ಎರಡೂವರೆ ಗಿಗಾಬಿಟ್‌ನ 32 ಮನೆಗೋ 64 ಮನೆಗೋ ಹಂಚ್ತೀರಿ, ಆದ್ರೆ ಆ ಮನೆಗಳು ಎಣಿಸಿಟ್ಟ ಮನೆಗಳು, ರಸ್ತೇಲಿ ಓಡಾಡೋದಿಲ್ಲ. ಟವರ್ ಕಥೆ ಹಾಗಲ್ಲ, ಅದೇ ಟವರ್ ಕೆಳಗೆ ಸಂಜೆ ಬಸ್ಸಿಳಿದು ರೀಲ್ಸ್ ನೋಡ್ಕೊಂಡು ಬರೋ ಅಷ್ಟೂ ಮೊಬೈಲ್ ಜೊತೆ ನನ್ನ ಡಬ್ಬಿ ಜಗಳ ಆಡ್ಬೇಕು. ಇನ್ನೊಂದು, ಫೈಬರಲ್ಲಿ ನಂಗೆ ಪಬ್ಲಿಕ್ ಐಪಿ, ಅಂದ್ರೆ ಹೊರಗಿಂದ ನೇರ ಮುಟ್ಟಬಹುದಾದ ನೆಟ್ ವಿಳಾಸ, ಇತ್ತು, ಅದಕ್ಕೇಂತ ಆ ಪ್ಲಾನ್ ತಗೊಂಡಿದ್ದು. ಈಗ ಡಬ್ಬಿಯ ಸ್ಟೇಟಸ್ ಪೇಜಲ್ಲಿ 100.64 ಇಂದ ಶುರುವಾಗೋ ನಂಬರ್ ಇದೆ, ಅಂದ್ರೆ ಬೇರೆ ಗ್ರಾಹಕರ ಜೊತೆ ನನ್ನನ್ನ ಒಂದೇ ವಿಳಾಸದಲ್ಲಿ ಕೂಡಿ ಹಾಕಿದ್ದೀರಿ, ಹೊರಗಿಂದ ಮನೆ ಕ್ಯಾಮೆರಾ ನೋಡೋಕಾಗಲ್ಲ. ಇದನ್ನ ಕೇಳಿದ್ರೆ ನಿಮ್ಮ ಕೇರ್‌ನವರು "ಸರ್ ಕ್ಯಾಮೆರಾ ಕಂಪನಿಗೆ ಕಾಲ್ ಮಾಡಿ" ಅಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ನೆಲನೂ ಪಕ್ಕದ ಮನೇದು.

ಈಗ ಕಳೆದ ಗುರುವಾರ ಸಂಜೆ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಅದೇ ಕಾರಣ. ನಾನು ಆನ್‌ಲೈನಲ್ಲಿ ಗಣಿತ ಹೇಳ್ಕೊಡ್ತೀನಿ. 19 ಮಕ್ಕಳ ಕ್ಲಾಸ್. 7:10ಕ್ಕೆ ನನ್ನ ಮುಖ ಸ್ಕ್ರೀನಲ್ಲಿ ಬಾಯಿ ತೆರೆದಂಗೇ ನಿಂತುಹೋಯ್ತು (ಅದರ ಸ್ಕ್ರೀನ್‌ಶಾಟ್ ಈಗ ಮಕ್ಕಳ ಗ್ರೂಪಲ್ಲಿ ಸ್ಟಿಕ್ಕರ್ ಆಗಿದೆ, ಆ ಲೆಕ್ಕ ಬೇರೆ). ಮೊಬೈಲಿಂದ ನಿಮಗೆ ಕಾಲ್ ಮಾಡಿದೆ. 14 ನಿಮಿಷ ಮ್ಯೂಸಿಕ್ ಆದ್ಮೇಲೆ ಒಬ್ಬ ಹುಡುಗ ಸಿಕ್ಕಿದ. ಪಾಪ ಮರ್ಯಾದೆಯಾಗೇ ಮಾತಾಡಿದ, ಅವನ ಮೇಲೆ ನಂದೇನೂ ದೂರಿಲ್ಲ, ಅವನ ಮುಂದೆ ಯಾವ ಸ್ಕ್ರಿಪ್ಟ್ ಇಟ್ಟಿದ್ರೋ ಅದನ್ನ ಓದಿದ.

"ಸರ್, ಡಬ್ಬಿ ಎಲ್ಲಿಟ್ಟಿದೀರಾ?"

"ಟೇಬಲ್ ಮೇಲೆ."

"ಟೇಬಲ್ ಮೇಲೆ ಇಡಬಾರದು ಸರ್, ಕಿಟಕಿ ಹತ್ರ ತಗೊಂಡೋಗಿ."

ತಗೊಂಡೋದೆ. ವೈರ್ ಸಾಲಲಿಲ್ಲ, ಎಕ್ಸ್‌ಟೆನ್ಶನ್ ಬೋರ್ಡ್ ಹುಡುಕಿ ಹಾಕಿದೆ. ವೈರ್‌ಲೆಸ್ ಡಬ್ಬಿಗೆ ವೈರ್ ಸಾಲಲಿಲ್ಲ ಅನ್ನೋದನ್ನ ಇಲ್ಲಿ ದಾಖಲು ಮಾಡ್ತಿದೀನಿ.

"ಈಗ ಎಷ್ಟು ಕಡ್ಡಿ ಬರ್ತಿದೆ ಸರ್?" "ಎರಡು." "ಕಿಟಕಿ ತೆಗೀರಿ ಸರ್." "ಮಳೆ ಬರ್ತಿದೆಯಪ್ಪಾ." "ಗ್ಲಾಸ್ ಯಾವುದು ಸರ್, ಬಿಸಿಲು ತಡೆಯೋ ಕೋಟಿಂಗ್ ಇದೆಯಾ?" ಇದೆ ಅಂದೆ. "ಹಾಗಿದ್ರೆ ಸಿಗ್ನಲ್ ಬರಲ್ಲ ಸರ್, ಅದರಲ್ಲಿ ಲೋಹದ ಪದರ ಇರುತ್ತೆ, ಗ್ಲಾಸ್ ಬದಲಾಯಿಸಿದ್ರೆ ಬೆಟರ್." ಅವನು ಹೇಳಿದ್ದು ನಿಜಾನೇ, ಆ ಗಾಜು ರೇಡಿಯೋ ಅಲೆನ ತಡೆಯುತ್ತೆ. ಡಬ್ಬಿ ಕಳಿಸೋ ಮುಂಚೆ ಒಬ್ಬರು ಬಂದು ನೋಡಿದ್ರೆ ಅದು ಆವತ್ತೇ ಗೊತ್ತಾಗ್ತಿತ್ತು, ನೆಟ್ ಸರಿ ಮಾಡಿ ಅಂದ್ರೆ ಕಿಟಕಿ ಬದಲಾಯಿಸಿ ಅಂತ ಹೇಳೋ ಪರಿಸ್ಥಿತಿ ಬರ್ತಿರಲಿಲ್ಲ.

ಕಿಟಕಿ ತೆಗೆದೆ. ಒಂದು ಕೈಲಿ ಡಬ್ಬಿ, ಕಿವಿಗೂ ಭುಜಕ್ಕೂ ಮಧ್ಯ ಮೊಬೈಲ್, ಮಳೆ ಎರಚಲು ಮುಖಕ್ಕೆ. "ಸ್ವಲ್ಪ ಎಡಕ್ಕೆ ತಿರುಗಿ ಸರ್. ಇನ್ನೂ ಸ್ವಲ್ಪ. ಜಾಸ್ತಿ ಆಯ್ತು, ವಾಪಸ್ ಬನ್ನಿ. ಸ್ವಲ್ಪ ಮೇಲೆತ್ತಿ. ಇನ್ನೂ ಮೇಲೆ. ತಲೆ ಮೇಲೆ ಹಿಡೀರಿ ಸರ್." ಹಿಡಿದೆ. ಎದುರು ಮನೆಯೋರು ಲೈಟ್ ಹಾಕಿ ಹೊರಗೆ ಬಂದು ನೋಡಿದ್ರು, ನಾನು ಅವರಿಗೆ ಕೈ ಬೀಸೋಕೂ ಆಗಲಿಲ್ಲ. ಆಗ ಹುಡುಗ ಖುಷಿಯಾಗಿ ಹೇಳಿದ, "ಸೂಪರ್ ಸರ್, ನಮ್ಮ ಸಿಸ್ಟಮಲ್ಲಿ ಈಗ ಫುಲ್ ತೋರಿಸ್ತಿದೆ, ಅಲ್ಲೇ ಇಟ್ಕೊಳ್ಳಿ."

ಎಲ್ಲಿ ಇಟ್ಕೊಳ್ಳಿ? ತಲೆ ಮೇಲಾ?

"ಹೌದು ಸರ್, ಆ ಪೊಸಿಷನ್ ಚೆನ್ನಾಗಿದೆ. ದೂರು ಕ್ಲೋಸ್ ಮಾಡ್ಲಾ?"

ಬೇಡ ಅಂದೆ. ಕ್ಲೋಸ್ ಆಯ್ತು. ಮೆಸೇಜ್ ಬಂತು, ರೇಟಿಂಗ್ ಕೇಳ್ತು. ಫೋನಿಟ್ಟು ಲ್ಯಾಪ್‌ಟಾಪ್ ಕಡೆ ತಿರುಗಿದ್ರೆ ಮೈಕ್ ಆನಲ್ಲೇ ಇತ್ತು. ಸಂಜೆ ಪೂರ್ತಿ ಒಂದು ವರ್ಗ ಸಮೀಕರಣ ದಾಟಿಸೋಕಾಗದ ನಿಮ್ಮ ನೆಟ್ಟು, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅನ್ನೋದನ್ನ ಮಾತ್ರ ಒಂದಕ್ಷರ ಬಿಡದಂಗೆ 19 ಮನೆಗೆ ಮುಟ್ಟಿಸಿತ್ತು. ಒಬ್ಬಳು ಹುಡುಗಿ ಕೇಳಿದ್ಲು, "ಸರ್, ಕೈ ನೋಯ್ತಿದೆಯಾ?" ಮಿಕ್ಕವರು ನಗು ತಡ್ಕೊಂಡಿದ್ರು, ಅದು ಇನ್ನೂ ಕಷ್ಟ.

ಆವತ್ತು ರಾತ್ರಿ ಡಬ್ಬಿಯ ಸ್ಟೇಟಸ್ ಪೇಜ್ ನೋಡಿದೆ. ಟೇಬಲ್ ಮೇಲಿಟ್ರೆ ಸಿಗ್ನಲ್ ಮೈನಸ್ 111 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಬಲ ಜಾಸ್ತಿ), ಕಿಟಕಿ ತೆಗೆದು ತಲೆ ಮೇಲೆ ಹಿಡಿದ್ರೆ ಮೈನಸ್ 91. ಹತ್ತತ್ತು ಡೆಸಿಬೆಲ್‌ಗೆ ಹತ್ತತ್ತು ಪಟ್ಟು ಅಂದ್ರೆ 20ಕ್ಕೆ ನೂರು ಪಟ್ಟು ವ್ಯತ್ಯಾಸ, ಗಣಿತದ ಮೇಷ್ಟ್ರಿಗೆ ಇಷ್ಟು ಲೆಕ್ಕ ಬರುತ್ತೆ. ನಿಮ್ಮ ರೆಕಾರ್ಡಲ್ಲಿ "ಗ್ರಾಹಕರ ಕಡೆ ಸಿಗ್ನಲ್ ಉತ್ತಮವಾಗಿದೆ" ಅಂತ ಬರೆದಿದಾರೆ, ಆ ಉತ್ತಮ ಸಿಗ್ನಲ್ ಇದ್ದಿದ್ದು ನನ್ನ ಎರಡು ಕೈ ಮೇಲೆ, ಮಳೇಲಿ.

ನಂಗೆ ಬೇಕಿರೋದು ಹೊಸದೇನಲ್ಲ. ಫೈಬರ್ ಬೆಸೀರಿ. ನನ್ನ ಹಳೇ ಪ್ಲಾನ್, ಹಳೇ ಪಬ್ಲಿಕ್ ಐಪಿ ವಾಪಸ್ ಹಾಕಿ. 12 ತಿಂಗಳ ಒಪ್ಪಂದ ರದ್ದು ಮಾಡಿ. ಈ 23 ದಿನದ ಬಿಲ್ ನಂಗೆ ಕಳಿಸಬೇಡಿ, ಇವತ್ತು ಬೆಳಗ್ಗೆ ಕಳಿಸಿದ್ದೀರಿ, ಅದೂ ಫೈಬರ್ ಮೇಂಟೆನೆನ್ಸ್ ಚಾರ್ಜ್ ಸೇರಿಸಿ. ಯಾವ ಫೈಬರ್? ಗುಂಡೀಲಿ ಬಿದ್ದಿರೋದಾ?

ಏಳು ದಿನ ಟೈಮ್. "48 ಗಂಟೆಯಲ್ಲಿ ಸಂಪರ್ಕಿಸುತ್ತೇವೆ" ಅನ್ನೋ ಆಟೋ ರಿಪ್ಲೈ ನಾನು ಉತ್ತರ ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಎಂಟನೇ ದಿನ ನಿಯಂತ್ರಣ ಪ್ರಾಧಿಕಾರಕ್ಕೂ ಗ್ರಾಹಕ ನ್ಯಾಯಾಲಯಕ್ಕೂ ಅರ್ಜಿ ಹಾಕ್ತೀನಿ. "ಗುಣಮಟ್ಟಕ್ಕಾಗಿ ಈ ಕರೆ ರೆಕಾರ್ಡ್ ಆಗುತ್ತೆ" ಅಂತ ಪ್ರತಿ ಸಲ ಹೇಳ್ತೀರಲ್ಲ, ಗುರುವಾರದ ಆ ರೆಕಾರ್ಡಿಂಗ್ ಅಲ್ಲಿ ಎಲ್ಲರೆದುರು ಹಾಕಿಸಿ ಅಂತ ಕೇಳ್ತೀನಿ, ಸಾಕ್ಷಿಗೆ 19 ಮಕ್ಕಳಿದಾರೆ, ಅವರ ಅಪ್ಪ ಅಮ್ಮಂದಿರೂ ಇದಾರೆ. ಅವತ್ತೇ ಡಬ್ಬಿನ ನಿಮ್ಮ ಆಫೀಸಿಗೆ ನಾನೇ ತಂದು ಕೊಡ್ತೀನಿ, ಕೌಂಟರ್ ಮುಂದೆ ತಲೆ ಮೇಲೆ ಹಿಡ್ಕೊಂಡು ನಿಂತಿರ್ತೀನಿ, ರಸೀದಿ ಕೈಗೆ ಬರೋವರೆಗೂ ಇಳಿಸಲ್ಲ. ಸ್ವಲ್ಪ ಎಡಕ್ಕೆ ತಿರುಗಿ ಅಂತ ಯಾರಾದ್ರೂ ಅಂದ್ರೆ ಮುಂದಿಂದು ನಾನು ಜವಾಬ್ದಾರ ಅಲ್ಲ.

ಇಂತಿ,
ನೀವು ಅಪ್‌ಗ್ರೇಡ್ ಮಾಡಿದ ಗ್ರಾಹಕ